ನರಮೇಧ, ಮಾರಣಹೋಮ, ಹುತಾತ್ಮ: ಇವಕ್ಕೆ ಬೇರೆ ಪದ ಇದೆಯೇ?

ಬಳಗದ ಎಲ್ಲರಿಗೂ ನಮಸ್ಕಾರ.

ಹದಿನೈದು ದಿನದಿಂದ ಒಂದು ಪದಕ್ಕೆ ಸಿಕ್ಕಿಕೊಂಡು ಒದ್ದಾಡುತ್ತಿದ್ದೇನೆ. ನಿಮ್ಮ ಸಹಾಯ ಬೇಕು.

ನ್ಯೂಯಾರ್ಕಿನಲ್ಲಿ ಮಗಳ ಮನೆಯಲ್ಲಿದ್ದಾಗ ರಿವರ್‌ಸೈಡ್ ಪಾರ್ಕಿಗೆ ವಾಕಿಂಗ್ ಹೋಗುತ್ತಿದ್ದೆ. ಅಲ್ಲಿ 83ನೇ ಬೀದಿಯ ಹತ್ತಿರ ನೆಲದಲ್ಲಿ ಒಂದು ಕಲ್ಲಿನ ಫಲಕ ಇದೆ. 1947ರ ಅಕ್ಟೋಬರಿನಲ್ಲಿ ಇಟ್ಟದ್ದು. 1943ರಲ್ಲಿ ಪೋಲೆಂಡಿನ ವಾರ್ಸಾ ಗೆಟ್ಟೊದಲ್ಲಿ (ಯೆಹೂದಿಗಳನ್ನು ಕೂಡಿಹಾಕಿದ್ದ ಕೇರಿ) ನಾಜಿಗಳ ಎದುರು ಹೋರಾಡಿದವರಿಗೂ, ಯೂರೋಪಿನಲ್ಲಿ ಕೊಲೆಯಾದ 60 ಲಕ್ಷ ಯೆಹೂದಿಗಳಿಗೂ ಅಮೆರಿಕದ ಸ್ಮಾರಕ ಕಟ್ಟಲು ಇದೇ ಜಾಗ ಅಂತ ಅದರ ಮೇಲೆ ಬರೆದಿದೆ. ಅಡಿಯಲ್ಲಿ ಯೆಹೂದಿಗಳನ್ನು ಸೆರೆಯಿಟ್ಟಿದ್ದ ತೆರೆಜಿನ್, ಸೆರೆಡ್ ಎಂಬ ಎರಡು ಕ್ಯಾಂಪುಗಳ ಮಣ್ಣನ್ನು ಹೂತಿದ್ದಾರೆ. ಸ್ಮಾರಕ ಮಾತ್ರ ಏಳಲೇ ಇಲ್ಲ. ಅಡಿಗಲ್ಲೇ ಸ್ಮಾರಕವಾಗಿ ಉಳಿಯಿತು. ಪೂರ್ವ ಯೂರೋಪಿನ ಯೆಹೂದಿಗಳ ಭಾಷೆಯಾದ ಯಿಡ್ಡಿಶ್ ಮಾತಾಡುವವರು ಅದನ್ನು ಸುಮ್ನೆ ‘ದೆರ್ ಶ್ಟೇಯ್ನ್’ ಅನ್ನುತ್ತಾರೆ. ‘ಆ ಕಲ್ಲು’, ಅಷ್ಟೇ. ಗೆಟ್ಟೊ ದಂಗೆ ಶುರುವಾದ ಏಪ್ರಿಲ್ 19ರಂದು ಪ್ರತಿವರ್ಷ ಅಲ್ಲಿ ಸೇರುತ್ತಾರೆ. ಯಿಡ್ಡಿಶ್ ಕವಿತೆ ಓದುತ್ತಾರೆ, ಹಾಡುತ್ತಾರೆ.

ಇದರ ಬಗ್ಗೆ ಕನ್ನಡದಲ್ಲಿ ಒಂದು ಲೇಖನ ಬರೆಯಲು ಕೂತೆ. ಮೊದಲ ಸಾಲಿನಲ್ಲೇ ಕೈ ತಾನಾಗಿ ‘ನರಮೇಧ’ ಅಂತ ಬರೆಯಿತು. ಬರೆದ ಮೇಲೆ ದಿಗಿಲಾಯಿತು. ಮೇಧ ಅಂದರೆ ಯಾಗ ಅಲ್ವಾ? ಅಶ್ವಮೇಧದಲ್ಲಿ ಇರುವುದೂ ಅದೇ. ಸರಿ, ಪತ್ರಿಕೆಗಳು ಬಳಸುವ ‘ಮಾರಣಹೋಮ’ ಹಾಕೋಣ ಎಂದರೆ ಅದು ಶತ್ರುವನ್ನು ಕೊಲ್ಲಲೆಂದು ಮಾಡುತ್ತಿದ್ದ ಹೋಮದ ಹೆಸರು. ಸತ್ತವರನ್ನು ‘ಹುತಾತ್ಮರು’ ಎಂದರೆ? ಹುತ ಅಂದರೆ ಬೆಂಕಿಗೆ ಅರ್ಪಿಸಿದ್ದು. ಮೂರಕ್ಕೆ ಮೂರೂ ಯಜ್ಞದ ಪದಗಳು. ಕೊಂದವನು ಯಜಮಾನನಾಗುತ್ತಾನೆ, ಸತ್ತವರು ಹವಿಸ್ಸಾಗುತ್ತಾರೆ. ಗ್ಯಾಸ್ ಕೋಣೆಗೆ ತಳ್ಳಿ, ಹೆಣಗಳನ್ನು ಒಲೆಗೆ ಹಾಕಿ ಸುಟ್ಟ ಜನರ ಬಗ್ಗೆ ಇಂಥ ಪದ ಬರೆಯಲು ನನಗೆ ಕೈ ಬರುತ್ತಿಲ್ಲ.

ಯೆಹೂದಿಗಳಲ್ಲೂ ಇದೇ ತಕರಾರು ಇದೆ ಅಂತ ಆಮೇಲೆ ತಿಳಿಯಿತು. ‘ಹೋಲೊಕಾಸ್ಟ್’ ಎಂಬುದು ಗ್ರೀಕ್ ಮೂಲದ ಪದ. ಪೂರ್ತಿ ಸುಟ್ಟು ದೇವರಿಗೆ ಕೊಡುವ ಬಲಿ ಎಂದು ಅದರ ಅರ್ಥ. ಹಾಗಾಗಿ ಅವರಲ್ಲಿ ಎಷ್ಟೋ ಜನ ಆ ಪದ ಬೇಡ ಎಂದು ‘ಶೋಆ’ ಅನ್ನುತ್ತಾರೆ. ಹೀಬ್ರೂ ಪದ, ಮಹಾ ವಿಪತ್ತು ಎಂದು ಅರ್ಥ. ಯಿಡ್ಡಿಶಿನಲ್ಲಿ ಇನ್ನೂ ಹಳೆಯದೊಂದು ಇದೆ, ‘ಖುರ್ಬನ್’. ಜೆರುಸಲೇಮಿನ ದೇವಾಲಯ ಎರಡು ಸಲ ನೆಲಸಮವಾದದ್ದಕ್ಕೂ ಅದೇ ಪದ. ನಮ್ಮ ‘ಹಾಳು’ ಅದಕ್ಕೆ ತುಂಬಾ ಹತ್ತಿರ ಅನ್ನಿಸುತ್ತದೆ. ಹಾಳು ಹಂಪೆ ಅನ್ನುತ್ತೇವಲ್ಲ, ಹಾಗೆ. ಆದರೆ ಊರು ಮಳೆಯಿಲ್ಲದೆಯೂ ಹಾಳಾಗುತ್ತದೆ. ಆ ಪದದೊಳಗೆ ಕೊಂದವರು ಕಾಣುವುದಿಲ್ಲ.

‘ಹತ್ಯಾಕಾಂಡ’ದಲ್ಲಿ ಯಜ್ಞದ ವಾಸನೆ ಇಲ್ಲ, ನಿಜ. ಜಲಿಯನ್‌ವಾಲಾ ಬಾಗ್‌ಗೆ ಸರಿಯಾಗಿ ಹೊಂದುತ್ತದೆ. ಆದರೆ ಒಂದು ಜಾಗದಲ್ಲಿ, ಒಂದು ದಿನ ನಡೆದದ್ದು ಎಂಬ ಭಾವನೆ ಬರುತ್ತದೆ. ಇಲ್ಲಿ ವರ್ಷಗಟ್ಟಲೆ ಪಟ್ಟಿ ಮಾಡಿ, ರೈಲು ಹತ್ತಿಸಿ ಕೊಂದಿದ್ದಾರೆ. ‘ಕಗ್ಗೊಲೆ’ ನನಗೆ ಇಷ್ಟ. ಆದರೆ ಒಬ್ಬನೇ ಒಬ್ಬನ ಕೊಲೆಗೂ ಪೇಪರಿನವರು ಅದನ್ನೇ ಹಾಕಿ ಹಾಕಿ ಸವೆಸಿದ್ದಾರೆ.

ಕೆಲವು ಪದಗಳು ಮಾತ್ರ ಸಲೀಸಾಗಿ ಸಿಕ್ಕವು. ಸತ್ತವರ ವರ್ಷದ ದಿನಕ್ಕೆ ಯೆಹೂದಿಗಳು ‘ಯಾರ್‌ತ್ಸೈಟ್’ ಅನ್ನುತ್ತಾರೆ. 24 ಗಂಟೆ ಉರಿಯುವ ಮೇಣದ ಬತ್ತಿ ಹಚ್ಚಿಡುತ್ತಾರೆ. ಚಾಂದ್ರಮಾನದ ತಿಂಗಳು ಹಿಡಿದೇ ಲೆಕ್ಕ. ‘ತಿಥಿ’ ಅಂತಲೇ ಬರೆದೆ. ಆದರೆ ಕ್ಯಾಂಪಿನಲ್ಲಿ ಸತ್ತವರ ದಿನ ಯಾರಿಗೆ ಗೊತ್ತು? ಅಂಥವರಿಗಾಗಿ ಇಸ್ರೇಲಿನ ಮುಖ್ಯ ರಬ್ಬಿಗಳು (ಧರ್ಮಗುರುಗಳು) ಯೆಹೂದಿ ಪಂಚಾಂಗದ ತೇವೆತ್ ತಿಂಗಳ ಹತ್ತನೇ ದಿನವನ್ನು ಗೊತ್ತುಮಾಡಿದರು. ತಿಥಿ ಗೊತ್ತಿಲ್ಲದವರಿಗೆ ನಾವು ಮಹಾಲಯ ಅಮಾವಾಸ್ಯೆಯಂದು ಎಡೆ ಇಡುವುದಿಲ್ಲವೇ? ಅಲ್ಲಿ ನನಗೆ ಅಡಿಟಿಪ್ಪಣಿಯೇ ಬೇಕಾಗಲಿಲ್ಲ.

ಇನ್ನೊಂದು ‘ಯಿಜ್ಕೋರ್’ ಪುಸ್ತಕಗಳದು. ಯುದ್ಧದ ನಂತರ ನ್ಯೂಯಾರ್ಕ್, ಬ್ಯೂನಸ್ ಐರಿಸ್, ಟೆಲ್ ಅವೀವ್‌ಗಳಲ್ಲಿದ್ದ ಒಂದೊಂದೇ ಊರಿನವರು ಸಂಘ ಮಾಡಿಕೊಂಡು, ಇಲ್ಲವಾದ ತಮ್ಮ ಊರಿನ ಬಗ್ಗೆ ತಂದ ಪುಸ್ತಕಗಳು ಇವು. ನೂರಾರು ಇವೆ. ಬಾವಿ ಎಲ್ಲಿತ್ತು, ಸಂತೆ ಎಲ್ಲಿ ಕೂಡುತ್ತಿತ್ತು, ಪ್ರಾರ್ಥನೆಯ ಮನೆ ಯಾವ ಬೀದಿಯಲ್ಲಿತ್ತು ಅಂತ ನೆನಪಿನಿಂದಲೇ ಕೈಯಲ್ಲಿ ಬರೆದ ನಕ್ಷೆ ಇರುತ್ತದೆ. ಕೊನೆಯಲ್ಲಿ ಸತ್ತವರ ಪಟ್ಟಿ. ಒಂದೊಂದು ಕಡೆ ಗಂಡಸಿನ ಹೆಸರು ಕೊಟ್ಟು ಮುಂದೆ ‘ಹೆಂಡತಿ, ಮಕ್ಕಳು’ ಅಂತ ಮಾತ್ರ ಇರುತ್ತದೆ. ಆ ಮಕ್ಕಳ ಹೆಸರು ಹೇಳಲು ಊರಿನವರು ಒಬ್ಬರೂ ಉಳಿದಿರಲಿಲ್ಲ. ಇದಕ್ಕೆ ‘ಊರ ನೆನಪಿನ ಹೊತ್ತಿಗೆ’ ಎಂದಿದ್ದೇನೆ. ವೀರಗಲ್ಲಿಗೆ ಹೋಲಿಸುವ ಆಸೆಯಾಗಿತ್ತು, ಬಿಟ್ಟೆ. ವೀರಗಲ್ಲು ಕಾದಾಡಿ ಸತ್ತವನಿಗೆ ಇಡುವಂಥದ್ದು. ತೊಟ್ಟಿಲ ಕೂಸಿಗೆ ಯಾರೂ ಇಟ್ಟಿಲ್ಲ.

ಈಗ ನಿಜವಾದ ತೊಡಕು. ಆ ಪಾರ್ಕಿನ ಕಲ್ಲಿನ ಮೇಲೆ, 60 ಲಕ್ಷ ಜನ ಮನುಷ್ಯರ ಸ್ವಾತಂತ್ರ್ಯಕ್ಕಾಗಿ ಹುತಾತ್ಮರಾದರು ಎಂಬ ಅರ್ಥದ ಮಾತಿದೆ. ಅವರೇ ಕೆತ್ತಿಸಿದ ಮಾತು. ಹೀಬ್ರೂವಿನಲ್ಲೂ ಈ ಸತ್ತವರಿಗೆ ‘ಕೆದೋಶಿಮ್’, ಅಂದರೆ ಪವಿತ್ರರು, ಎನ್ನುವ ರೂಢಿ ಇದೆ. ಯೆಹೂದಿ ಎಂಬ ಕಾರಣಕ್ಕೇ ಸತ್ತವನು ದೇವರ ಹೆಸರನ್ನು ಪವಿತ್ರ ಮಾಡಿದ ಎಂಬುದು ಅವರ ಹಳೆಯ ನಂಬಿಕೆ. ಅದನ್ನು ತೆಗೆದುಹಾಕುವ ಹಕ್ಕು ನನಗಿಲ್ಲ. ಕಲ್ಲಿನ ಮಾತನ್ನು ಅನುವಾದಿಸುವ ಕಡೆ ‘ಹುತಾತ್ಮ’ ಇರಲಿ, ನನ್ನ ಸ್ವಂತ ವಾಕ್ಯಗಳಲ್ಲಿ ಬೇಡ ಎಂದು ಸದ್ಯಕ್ಕೆ ತೀರ್ಮಾನಿಸಿದ್ದೇನೆ.

ಹಾಗಾಗಿ ಎರಡು ಪ್ರಶ್ನೆ. ಒಂದು, ‘ಕೆದೋಶಿಮ್’ಗೆ ಬೆಂಕಿ, ಬಲಿ, ಯುದ್ಧ ಯಾವುದೂ ಇಲ್ಲದ, ಆದರೆ ಗೌರವ ಇರುವ ಕನ್ನಡ ಪದ ಯಾವುದು? ‘ಪುಣ್ಯಾತ್ಮರು’ ಎಂದು ಬರೆದು ನೋಡಿದೆ. ಆಡುಮಾತಿನಲ್ಲಿ ‘ಎಲ್ಲಿ ಹೋದ ಆ ಪುಣ್ಯಾತ್ಮ’ ಅಂತ ಬೈಯಲೂ ಬಳಸುತ್ತೇವೆ, ಹಾಗಾಗಿ ಹೊಡೆದುಹಾಕಿದೆ. ಎರಡು, ಇಡೀ ಊರನ್ನು, ಕುಲವನ್ನು ಬೇಕೆಂದೇ ಮುಗಿಸಿದ್ದಕ್ಕೆ ನಿಮ್ಮ ಕಡೆ ಯಾವ ಮಾತಿದೆ? ಒಂದು ಮನೆಗೆ ‘ದೀಪ ಹಚ್ಚುವವರೂ ಇಲ್ಲದ ಹಾಗಾಯಿತು’ ಎನ್ನುವುದನ್ನು ನಮ್ಮ ಅಜ್ಜಿಯ ಬಾಯಲ್ಲಿ ಕೇಳಿದ್ದೇನೆ. ಇಡೀ ಊರಿಗೆ ಹೇಳುವ ಅಂಥ ಮಾತು, ಅದೂ ದೀಪ ಆರಿಸಿದವರು ಯಾರೆಂದು ಕಾಣುವಂಥದ್ದು, ಬೇಕಾಗಿದೆ. ಕರಾವಳಿಯವರು, ಉತ್ತರ ಕರ್ನಾಟಕದವರು ದಯವಿಟ್ಟು ನಿಮ್ಮ ಹಿರಿಯರನ್ನು ಕೇಳಿ ಹೇಳಿ. ಆ ಜಾಗವನ್ನು ಕರಡಿನಲ್ಲಿ ಇನ್ನೂ ಖಾಲಿ ಬಿಟ್ಟಿದ್ದೇನೆ.