ಒಂದೇ ಬಿಲ್ ಬೇಡ ಚಿಕ್ಕಪ್ಪ

ಚಿಕ್ಕಪ್ಪ (ಡೊಂಬಿವಲಿ): ನಮ್ಮ ಮನೆಯವರ ಗ್ರೂಪಿನಲ್ಲಿ ಈಗ ಹಾಕಿದ ಕಂಪನಿ ಪೋಸ್ಟರ್ ನೋಡಿ. ಮನೆಗೆ ಫೈಬರ್, ನಾಲ್ಕು ಸಿಮ್, ಡಿಟಿಎಚ್. ಎಲ್ಲಾ ಒಂದೇ ಕಂಪನಿ, ಒಂದೇ ಬಿಲ್. ಈ ತಿಂಗಳೇ ಬದಲಾಯಿಸ್ತೇನೆ. ಪುಣೆಯವರೂ ಮಾಡಿ.

ಅತ್ತೆ (ಠಾಣೆ): ಒಳ್ಳೇದೇ ಅಲ್ವಾ. ಯಾರ ರೀಚಾರ್ಜ್ ಯಾವಾಗ ಮುಗಿಯುತ್ತೆ ಅನ್ನೋದೇ ನನಗೆ ತಲೆನೋವು.

ನಾನು: ಚಿಕ್ಕಪ್ಪ, ದಯವಿಟ್ಟು ಸಿಮ್‌ಗಳನ್ನು ಅದರಲ್ಲಿ ಸೇರಿಸಬೇಡಿ. ಹೋದ ಮಳೆಗಾಲಕ್ಕೆ ಮುಂಚೆ ಇಲ್ಲಿ ಪುಣೆಯ ಕೋಥ್ರೂಡಿನಲ್ಲಿ ನಮ್ಮ ರಸ್ತೆ ಅಗೆದರು. ಫೈಬರ್ ತುಂಡಾಯಿತು. ಮನೆಯ ಫೈಬರ್ ಡಬ್ಬಿಯ ಮೇಲೆ ಎಲ್‌ಒಎಸ್ (ಅಂದರೆ ಸಿಗ್ನಲ್ ಇಲ್ಲ) ಅಂತ ಬರೆದ ದೀಪ ಕೆಂಪಗೆ ಮಿಣುಕುತ್ತಲೇ ಇತ್ತು. ಅಕ್ಕನ ಆಫೀಸ್ ಕೆಲಸ ನಡೆದಿದ್ದು ಬೇರೆ ಕಂಪನಿಯ ಸಿಮ್‌ನ ಹಾಟ್‌ಸ್ಪಾಟ್ ಮೇಲೆ. ಎಷ್ಟೋ ಮೊಬೈಲ್ ಟವರ್‌ಗಳಿಗೂ ನೆಲದಡಿಯ ಫೈಬರೇ ಹೋಗುವುದು. ಮನೆಗೂ ಫೋನಿಗೂ ಒಂದೇ ಕಂಪನಿ ಇದ್ದರೆ ಎರಡೂ ಒಟ್ಟಿಗೆ ಕೈಕೊಡುವ ಭಯ ಜಾಸ್ತಿ.

ತಮ್ಮ: ಫೈಬರೇ ಯಾಕೆ? ಕೇಬಲ್ ಬೇಡದ ಏರ್‌ಫೈಬರ್ ಹಾಕಿಸಿ. 5ಜಿ ಡಬ್ಬಿ ಟೆರೇಸಿನಲ್ಲಿ ಕೂರಿಸಿದರೆ ಮುಗೀತು.

ನಾನು: ಕೇಬಲ್ ಬರದ ಕಡೆ ಅದು ಒಳ್ಳೆಯದೇ. ಆದರೆ ಫೋನಿಗೆ ಸಿಗ್ನಲ್ ಕೊಡೋ ಟವರೇ ಅದಕ್ಕೂ ಕೊಡುತ್ತದೆ. ರಾತ್ರಿ ಊರೆಲ್ಲ ವಿಡಿಯೋ ನೋಡುವಾಗ ಎಲ್ಲರೂ ಹಂಚಿಕೊಳ್ಳಬೇಕು. ಚಿಕ್ಕಪ್ಪನ ಬಿಲ್ಡಿಂಗಿಗೆ ಫೈಬರ್ ಬಂದಾಗಿದೆ, ಅದನ್ನು ಯಾಕೆ ಬಿಡಬೇಕು?

ಚಿಕ್ಕಪ್ಪ: ಸರಿ ಇಲ್ಲ ಅಂದ್ರೆ ಆಮೇಲೆ ಬಿಟ್ಟರಾಯಿತಪ್ಪ. ಇಷ್ಟು ಹೆದರೋದು ಯಾಕೆ?

ನಾನು: ಬಿಡೋದೇ ಕಷ್ಟ ಚಿಕ್ಕಪ್ಪ. ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅನುಕೂಲ 2011ರ ಜನವರಿಯಿಂದ ದೇಶದೆಲ್ಲೆಡೆ ಇದೆ, ನಿಜ. ಆದರೆ ಪೋಸ್ಟ್‌ಪೇಯ್ಡ್ ಬಿಲ್ ಬಾಕಿ ಇದ್ದರೆ ಪೋರ್ಟ್ ಮಾಡಲು ಬಿಡುವುದಿಲ್ಲ. ನಾಳೆ ಫೈಬರ್ ಬಿಲ್‌ನಲ್ಲಿ ತಕರಾರು ಎದ್ದಿತು ಅಂದುಕೊಳ್ಳಿ. ಆ ಜಗಳದಲ್ಲಿ ನಿಮ್ಮ ನಂಬರೂ ಸಿಕ್ಕಿಬೀಳಬಾರದು. ಬ್ಯಾಂಕಿನ ಒಟಿಪಿ, ಪಿಂಚಣಿ, ಗ್ಯಾಸ್, ಎಲ್ಲಾ ಬರೋದು ಅದಕ್ಕೇ.

ಅತ್ತೆ (ಠಾಣೆ): ಹಾಗಾದ್ರೆ ದುಡ್ಡು ಉಳಿಸೋದು ಹೇಗಪ್ಪ?

ನಾನು: ಮನೆಯಲ್ಲೇ ಇರುವವರ ಡೇಟಾದಲ್ಲಿ, ಅತ್ತೆ. ವೈಫೈ ಇರುವಾಗ ಅಜ್ಜಿಯ ಸಿಮ್‌ಗೆ ದಿನದ ಡೇಟಾ ಸುಮ್ನೆ ಯಾಕೆ? ಡೇಟಾ ಇಲ್ಲದೆ ಬರೀ ಕರೆ, ಎಸ್ಸೆಮ್ಮೆಸ್ ಇರುವ ಪ್ಯಾಕ್ ಒಂದಾದರೂ ಇಡಲೇಬೇಕು ಅಂತ 2024ರ ಡಿಸೆಂಬರಿನಲ್ಲಿ ಫೋನ್ ಕಂಪನಿಗಳ ನಿಯಂತ್ರಣ ಸಂಸ್ಥೆ ಟ್ರಾಯ್ ನಿಯಮ ಮಾಡಿದೆ. ಅಂಥ ಪ್ಯಾಕಿನ ಅವಧಿ 365 ದಿನದವರೆಗೂ ಇರಬಹುದು. ವರ್ಷದ್ದು ಹಾಕಿಸಿದರೆ ನಿಮ್ಮ ರೀಚಾರ್ಜ್ ತಲೆನೋವೂ ತಪ್ಪುತ್ತೆ.

ಅತ್ತೆ (ಠಾಣೆ): ಕರೆಂಟ್ ಹೋದರೆ ವೈಫೈ ಇರಲ್ವಲ್ಲ?

ನಾನು: ರೂಟರಿಗೆ ಅಂತಲೇ ಪುಟ್ಟ ಯುಪಿಎಸ್ ಸಿಗುತ್ತೆ. ಕೊಳ್ಳುವ ಮುಂಚೆ ಅಡಾಪ್ಟರ್ ಮೇಲೆ ಎಷ್ಟು ವೋಲ್ಟ್ ಅಂತ ನೋಡಿಕೊಳ್ಳಿ. ಹೆಚ್ಚಿನವು 12 ವೋಲ್ಟ್.

ಚಿಕ್ಕಪ್ಪ: ಆಯ್ತು. ಫೈಬರ್, ಡಿಟಿಎಚ್ ಒಂದು ಬಿಲ್. ಸಿಮ್‌ಗಳು ಈಗಿರುವ ಕಡೆಯೇ ಇರಲಿ. ಆದರೆ ಅಮ್ಮನ ಡೇಟಾ ತೆಗೆಯೋಕೆ ನಾನು ಒಪ್ಪಲ್ಲ. ದೇವಸ್ಥಾನದಿಂದ ಅಲಂಕಾರ ತೋರಿಸೋಕೆ ಅವಳು ವಿಡಿಯೋ ಕಾಲ್ ಮಾಡ್ತಾಳೆ.

ನಾನು: ಹಾಗಾದ್ರೆ ಅಜ್ಜಿ ಡೇಟಾ ಇರಲಿ ಚಿಕ್ಕಪ್ಪ. ಚಿಕ್ಕಮ್ಮನನ್ನೂ ಒಂದು ಮಾತು ಕೇಳಿ ನೋಡಿ.