ಬಯಲು ಲಾರಿಯಿಂದ ರೀಫರ್ ಗಾಡಿಗೆ ಹೋಗುವವನು ಮೊದಲು ಏನನ್ನು ಕಲಿಯಬೇಕು?

ಪ್ರಶ್ನೆ | ರಾಣೆಬೆನ್ನೂರಿನ ಚಾಲಕ

ಹಿರಿಯ ಚಾಲಕರಿಗೆಲ್ಲ ನಮಸ್ಕಾರ. ಹಲವು ವರ್ಷಗಳಿಂದ ಹತ್ತು ಚಕ್ರದ ಲಾರಿಯಲ್ಲಿ ಮೆಕ್ಕೆಜೋಳ, ಸಿಮೆಂಟು, ಗೊಬ್ಬರ ಸಾಗಿಸುತ್ತಿದ್ದೇನೆ. ಈಗ ಮಂಗಳೂರಿನ ಮಾಲೀಕರೊಬ್ಬರು ತಮ್ಮ ರೀಫರ್ ಗಾಡಿಗೆ, ಅಂದರೆ ಮಾಲನ್ನು ತಣ್ಣಗಿಟ್ಟು ಸಾಗಿಸುವ ಮುಚ್ಚಿದ ಗಾಡಿಗೆ, ಕರೆದಿದ್ದಾರೆ. ಕರಾವಳಿಯಿಂದ ಬೆಂಗಳೂರಿಗೆ ಹೆಪ್ಪುಗಟ್ಟಿಸಿದ ಮೀನು, ಬೇಸಿಗೆಯಲ್ಲಿ ಐಸ್‌ಕ್ರೀಂ, ದ್ರಾಕ್ಷಿ ಸುಗ್ಗಿಯಲ್ಲಿ ವಿಜಯಪುರದ ಲೋಡು ಇರುತ್ತದೆಯಂತೆ. ಸಂಬಳ ಹೆಚ್ಚು, ಆದರೆ ಮಾಲು ಕೆಟ್ಟರೆ ಚಾಲಕನ ತಲೆಗೇ ಕಟ್ಟುತ್ತಾರೆ ಎಂದು ಕೇಳಿದ್ದೇನೆ. ಟಾರ್ಪಾಲು ಬಿಗಿಯುವುದು ಗೊತ್ತು, ಆ ತಂಪಿನ ಯಂತ್ರದ ವಿಚಾರ ಗೊತ್ತಿಲ್ಲ. ತಿಳಿದವರು ದಯವಿಟ್ಟು ಹೇಳಬೇಕು.

ಉತ್ತರ | ಉಡುಪಿಯ ರೀಫರ್ ಚಾಲಕ

ರೀಫರ್ ಯಂತ್ರವು ಮಾಲನ್ನು ತಣ್ಣಗೆ ಮಾಡುವುದಕ್ಕೆ ಇರುವುದಲ್ಲ, ಆಗಲೇ ತಣ್ಣಗಿರುವ ಮಾಲನ್ನು ಹಾಗೆಯೇ ಕಾಯುವುದಕ್ಕೆ ಇರುವುದು. ಹೊಸಬರು ಎಡವುವುದು ಇಲ್ಲಿಯೇ. ಮೈನಸ್ 18 ಡಿಗ್ರಿಯಲ್ಲಿ ತಲುಪಬೇಕಾದ ಮೀನನ್ನು ಕಾರ್ಖಾನೆಯವರು ಮೈನಸ್ 10ರಲ್ಲಿ ಹತ್ತಿಸಿದರೆ, ನೀವು ಬೆಂಗಳೂರು ಮುಟ್ಟುವವರೆಗೂ ಯಂತ್ರವನ್ನು ನಿಲ್ಲಿಸದೆ ಓಡಿಸಿದರೂ ಪೆಟ್ಟಿಗೆಯ ನಡುವಿನ ಮೀನು ಮೈನಸ್ 18ಕ್ಕೆ ಇಳಿಯುವುದಿಲ್ಲ. ಡಿಸ್‌ಪ್ಲೇಯಲ್ಲಿ ಕಾಣುವುದು ಬಾಡಿಯೊಳಗಿನ ಗಾಳಿಯ ಉಷ್ಣತೆ, ಮಾಲಿನದಲ್ಲ. ಆದ್ದರಿಂದ ಮಾಲಿಗೆ ಚುಚ್ಚಿ ಅಳೆಯುವ ಒಂದು ಪ್ರೋಬ್ ಥರ್ಮಾಮೀಟರ್ ಸದಾ ಕ್ಯಾಬಿನ್‌ನಲ್ಲಿರಲಿ. ಲೋಡ್ ಮಾಡುವಾಗ ಮುಂದಿನ, ನಡುವಿನ, ಬಾಗಿಲ ಬಳಿಯ ಪೆಟ್ಟಿಗೆಗಳನ್ನು ಅಳೆದು, ಬಂದ ಅಂಕಿಯನ್ನು ಎಲ್‌ಆರ್ (ಲಾರಿ ರಸೀದಿ) ಮೇಲೆ ಬರೆದು, ಬಾಗಿಲಿಗೆ ಸೀಲು ಬೀಳುವ ಮೊದಲೇ ಲೋಡಿಂಗ್‌ನವರ ಸಹಿ ಪಡೆಯಿರಿ. ಅಂಕಿ ಸರಿಯಿಲ್ಲದಿದ್ದರೆ ಮಾಲೀಕರಿಗೆ ಫೋನ್ ಮಾಡದೆ ಗಾಡಿ ತೆಗೆಯಬೇಡಿ. ಗೇಟಿನಲ್ಲಿ ಅವಸರಪಡಿಸುತ್ತಾರೆ, ಪಡಿಸಲಿ.

ಖಾಲಿ ಬಾಡಿಯನ್ನೂ ಮೊದಲೇ ತಣಿಸಿಕೊಳ್ಳಬೇಕು. ಬಿಸಿಲಲ್ಲಿ ನಿಂತ ಬಾಡಿಯ ಗೋಡೆ, ನೆಲ ಎಲ್ಲವೂ ಕಾದಿರುತ್ತವೆ. ಲೋಡ್ ಮಾಡುವಾಗ ಬಾಗಿಲು ತೆರೆದಿದ್ದರೆ ಯಂತ್ರವನ್ನು ನಿಲ್ಲಿಸಿ. ಓಡುತ್ತಲೇ ಇದ್ದರೆ ಅದು ಹೊರಗಿನ ತೇವದ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ, ಆ ತೇವ ಗಾಳಿಯನ್ನು ತಣಿಸುವ ಕೊಳವೆಗಳ (ಕಾಯಿಲ್) ಮೇಲೆ ಮಂಜಾಗಿ ಕಟ್ಟಿಕೊಂಡು ಆಮೇಲೆ ಗಾಳಿಯೇ ದಾಟುವುದಿಲ್ಲ. ನಮ್ಮ ಕರಾವಳಿಯ ಸೆಕೆಯಲ್ಲಂತೂ ಇದು ಬಹಳ ಬೇಗ ಆಗುತ್ತದೆ.

ಇನ್ನು ಜೋಡಿಸುವ ಕ್ರಮ. ತಂಪು ಗಾಳಿ ಮುಂದಿನಿಂದ ಹೊರಟು, ಮಾಲಿನ ಮೇಲೆ ಹಾದು, ಬಾಗಿಲ ಬಳಿ ಇಳಿದು, ನೆಲದ ಕಾಲುವೆಗಳಲ್ಲಿ ಹಿಂದಿರುಗುತ್ತದೆ. ಹಮಾಲರು ಚಾವಣಿಯವರೆಗೆ ತುಂಬಿದರೆ, ಅಥವಾ ಪ್ಯಾಲೆಟ್ ಇಲ್ಲದೆ ನೆಲಕ್ಕೇ ಚೀಲ ಹಾಸಿದರೆ, ಆ ದಾರಿ ಮುಚ್ಚಿತು. ಒಳಗೋಡೆಯ ಮೇಲೆ ಕೆಂಪು ಗೆರೆ ಇದ್ದರೆ ಅದನ್ನು ದಾಟಿ ಒಂದು ಪೆಟ್ಟಿಗೆಯನ್ನೂ ಏರಿಸಗೊಡಬೇಡಿ. ಹೆಪ್ಪುಗಟ್ಟಿದ ಮಾಲನ್ನು ಒತ್ತಾಗಿ ಜೋಡಿಸಬಹುದು, ಸುತ್ತ ಗಾಳಿ ಆಡಿದರೆ ಸಾಕು. ದ್ರಾಕ್ಷಿ ಹಾಗಲ್ಲ: ಕೊಯ್ದ ಮೇಲೂ ಹಣ್ಣು ಉಸಿರಾಡುತ್ತದೆ, ಶಾಖ ಬಿಡುತ್ತದೆ, ಹಾಗಾಗಿ ಪೆಟ್ಟಿಗೆಗಳ ನಡುವೆಯೂ ಗಾಳಿ ಹಾಯಬೇಕು. ಹಣ್ಣಿಗೆ ಯಂತ್ರವನ್ನು ನಿಲ್ಲದೆ ಓಡುವ ಕಂಟಿನ್ಯುಯಸ್ ಮೋಡ್‌ನಲ್ಲೇ ಇಡಿ. ಡೀಸೆಲ್ ಉಳಿಸುವ ಸ್ಟಾರ್ಟ್-ಸ್ಟಾಪ್ ಮೋಡ್ ಹೆಪ್ಪುಗಟ್ಟಿದ ಮಾಲಿಗೆ ಸಾಕು.

ಎಲ್ಲವೂ ತಣ್ಣಗಿದ್ದಷ್ಟೂ ಒಳ್ಳೆಯದು ಎಂದೂ ತಿಳಿಯಬೇಡಿ. ದ್ರಾಕ್ಷಿಗೆ ಸೊನ್ನೆ ಡಿಗ್ರಿಯ ಆಸುಪಾಸು ಹಿತ, ಬಾಳೆಹಣ್ಣನ್ನು 13 ಡಿಗ್ರಿಗಿಂತ ಕೆಳಗೆ ಇಟ್ಟರೆ ಸಿಪ್ಪೆ ಕಪ್ಪಾಗುತ್ತದೆ. ಎಷ್ಟು ಡಿಗ್ರಿ ಇಡಬೇಕೆಂಬುದನ್ನು ಬಾಯಿಮಾತಿನಲ್ಲಿ ಕೇಳಿಕೊಳ್ಳದೆ ಬರೆಸಿಕೊಳ್ಳಿ.

ಉತ್ತರ | ಬೆಂಗಳೂರಿನ ಶೀತಲಗೃಹದಲ್ಲಿ ಮಾಲು ಇಳಿಸಿಕೊಳ್ಳುವವನು

ಮೇಲಿನವರು ಹೇಳಿದ್ದಕ್ಕೆ ನಮ್ಮ ಬದಿಯ ಮಾತನ್ನು ಸೇರಿಸುತ್ತೇನೆ. ಗಾಡಿ ಮಾಲು ಇಳಿಸುವ ಕಟ್ಟೆಗೆ (ಡಾಕ್) ಹತ್ತಿದ ಕೂಡಲೇ ನಾವು ಸೀಲು, ಮಾಲಿನ ಉಷ್ಣತೆ, ದಾರಿಯುದ್ದಕ್ಕೂ ಉಷ್ಣತೆ ಬರೆದಿಡುವ ಡೇಟಾ ಲಾಗರ್‌ನ ದಾಖಲೆ ಇವಿಷ್ಟನ್ನೂ ನೋಡುತ್ತೇವೆ. ದಾಖಲೆಯಲ್ಲಿ ಕೆಲವು ಗಂಟೆಗೊಮ್ಮೆ ಉಷ್ಣತೆ ಸ್ವಲ್ಪ ಹೊತ್ತು ಏರಿ ಇಳಿದಿದ್ದರೆ ಅದು ಡಿಫ್ರಾಸ್ಟ್, ಅಂದರೆ ಯಂತ್ರವೇ ಕಾಯಿಲ್ ಮೇಲಿನ ಮಂಜು ಕರಗಿಸಿಕೊಂಡದ್ದು, ಎಂದು ಗೊತ್ತಾಗುತ್ತದೆ, ಅದಕ್ಕೆ ಯಾರೂ ತಕರಾರು ಮಾಡುವುದಿಲ್ಲ. ನಡುರಾತ್ರಿ ಎರಡು ಮೂರು ಗಂಟೆ ಒಂದೇ ಸಮನೆ ಏರಿದ್ದರೆ, ಡೀಸೆಲ್ ಉಳಿಸಲು ಯಾರೋ ಯಂತ್ರ ಆರಿಸಿದ್ದಾರೆ ಎಂಬುದೂ ಅಷ್ಟೇ ಸ್ಪಷ್ಟ. ಬೆಳಗಿನ ಜಾವ ಮತ್ತೆ ಹಾಕಿ ಗಾಳಿಯನ್ನು ಮೈನಸ್ 18ಕ್ಕೆ ತಂದರೂ ಕರಗಿ ಮತ್ತೆ ಗಟ್ಟಿಯಾದ ಐಸ್‌ಕ್ರೀಂನಲ್ಲಿ ಹರಳು ಕಾಣುತ್ತದೆ, ಡಬ್ಬಿಯ ಆಕಾರವೂ ಕೆಟ್ಟಿರುತ್ತದೆ. ಇನ್ನೊಂದು ಸಂಗತಿ: ಮೀನು ಇಳಿಸಿದ ಬಾಡಿಯನ್ನು ಚರಂಡಿ ತೂತುಗಳ ಸಮೇತ ತೊಳೆದು ಒಣಗಿಸದೆ ದ್ರಾಕ್ಷಿಗೆ ಹೋದರೆ ಯಾರೂ ಲೋಡ್ ಕೊಡುವುದಿಲ್ಲ, ಕೊಡಲೂಬಾರದು.

ಪ್ರಶ್ನಿಸಿದವರು

ಇಬ್ಬರಿಗೂ ಧನ್ಯವಾದಗಳು. ಶಿರಾಡಿ ಘಾಟಿಯಲ್ಲಿ ಗುಡ್ಡ ಜರಿದು ಗಂಟೆಗಟ್ಟಲೆ ನಿಂತರೆ ಏನು ಮಾಡಬೇಕು? ಎಂಜಿನ್ ಆರಿಸಿದರೆ ಯಂತ್ರವೂ ನಿಲ್ಲುತ್ತದೆಯೇ?

ಉತ್ತರ | ಉಡುಪಿಯ ರೀಫರ್ ಚಾಲಕ

ಅದು ಯಾವ ಗಾಡಿ ಎಂಬುದರ ಮೇಲಿದೆ, ಕೆಲಸ ಒಪ್ಪುವ ಮೊದಲು ಮಾಲೀಕರನ್ನು ಕೇಳಬೇಕಾದ ಮುಖ್ಯ ಪ್ರಶ್ನೆಯೂ ಇದೇ. ಚಿಕ್ಕ ಗಾಡಿಗಳಲ್ಲಿ ಸಾಮಾನ್ಯವಾಗಿ ಕಂಪ್ರೆಸರ್ ಗಾಡಿಯ ಎಂಜಿನ್ನಿನಿಂದಲೇ ತಿರುಗುತ್ತದೆ. ಎಂಜಿನ್ ಆರಿಸಿದರೆ ತಂಪೂ ನಿಂತಿತು. ಕರೆಂಟಿಗೆ ಚುಚ್ಚುವ ಸ್ಟ್ಯಾಂಡ್‌ಬೈ ಇದ್ದರೂ ಘಾಟಿಯಲ್ಲಿ ಚುಚ್ಚುವುದೆಲ್ಲಿ? ದೊಡ್ಡ ಗಾಡಿಗಳ ಯಂತ್ರಕ್ಕೆ ತನ್ನದೇ ಡೀಸೆಲ್ ಎಂಜಿನ್, ತನ್ನದೇ ಟ್ಯಾಂಕ್ ಇರುತ್ತದೆ. ಗಂಟೆಗೆ ಸುಮಾರು 2ರಿಂದ 4 ಲೀಟರ್ ಕುಡಿಯುತ್ತದೆ ಎಂದು ಲೆಕ್ಕ ಹಿಡಿದು, ಘಾಟಿ ಹತ್ತುವ ಮೊದಲು ಆ ಟ್ಯಾಂಕನ್ನೂ ತುಂಬಿಸಿಕೊಳ್ಳಿ. ಗಾಡಿಯ ಟ್ಯಾಂಕಿನ ಮುಳ್ಳು ನೋಡಿ ಇದನ್ನು ಮರೆಯುವವರೇ ಹೆಚ್ಚು. ದಾರಿ ಮುಚ್ಚಿದರೆ ಕೂಡಲೇ ಮಾಲೀಕರಿಗೂ ಮಾಲಿನ ಪಾರ್ಟಿಗೂ ತಿಳಿಸಿ, ಗಂಟೆಗೊಮ್ಮೆ ಡಿಸ್‌ಪ್ಲೇಯ ಫೋಟೊ ತೆಗೆದಿಡಿ. ಏನಾಗಿದೆಯೋ ನೋಡೋಣ ಎಂದು ಮಾತ್ರ ಬಾಗಿಲು ತೆರೆಯಬೇಡಿ. ಒಳ್ಳೆಯ ಬಾಡಿಯಾದರೆ, ಬಾಗಿಲ ರಬ್ಬರು ಸರಿಯಿದ್ದರೆ, ಮುಚ್ಚಿದ ಬಾಡಿ ಒಂದಷ್ಟು ಹೊತ್ತು ತಂಪನ್ನು ಹಿಡಿದಿಡುತ್ತದೆ.

ಜೂನ್ 1ರಿಂದ ಜುಲೈ 31ರವರೆಗೆ ಪಶ್ಚಿಮ ಕರಾವಳಿಯಲ್ಲಿ ಯಾಂತ್ರೀಕೃತ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುತ್ತದೆ. ಆ ಎರಡು ತಿಂಗಳು ಗಾಡಿಗೆ ಬೇರೆ ಲೋಡು ಇದೆಯೇ, ಇಲ್ಲದಿದ್ದರೆ ಸಂಬಳದ ಗತಿ ಏನು ಎಂಬುದನ್ನೂ ಈಗಲೇ ಮಾತಾಡಿಕೊಳ್ಳಿ.