ಜೂನ್‌ನಲ್ಲಿ ಅಪ್ಪಯ್ಯನ ಜೊತೆ ಯೆಲ್ಲೋಸ್ಟೋನ್ ಕಡೆ ಗಾಳ ಹಾಕಲು ಹೊರಟಿದ್ದೇವೆ, ದಾರಿ ಹೇಳಿ

ತುಂಗೆ_ದಂಡೆ

ಎಲ್ಲರಿಗೂ ನಮಸ್ಕಾರ. ನಾನು ಸಿಯಾಟಲ್ ಹತ್ತಿರ ಇದ್ದೇನೆ. ಅಪ್ಪಯ್ಯ, ಅಮ್ಮ ಮೇ ಕೊನೆಗೆ ತೀರ್ಥಹಳ್ಳಿಯಿಂದ ಬರುತ್ತಿದ್ದಾರೆ. ಅಪ್ಪಯ್ಯನಿಗೆ ಈಗ 67. ಚಿಕ್ಕ ಹುಡುಗನಾಗಿದ್ದಾಗಿನಿಂದ ತುಂಗೆಯಲ್ಲಿ, ಗದ್ದೆ ಪಕ್ಕದ ಹಳ್ಳದಲ್ಲಿ ಗಾಳ ಹಾಕುತ್ತಾ ಬಂದವರು. ಟಿಕೆಟ್ ಮಾಡಿಸಿದೆ ಅಂದಾಗ ತೋಟದ ಬಗ್ಗೆ ಏನೂ ಹೇಳಲಿಲ್ಲ, ಅಡಿಕೆಗೆ ಔಷಧಿ ಹೊಡೆಸೋದನ್ನು ತಮ್ಮ ನೋಡಿಕೊಳ್ಳುತ್ತಾನೆ. ಅವರು ಕೇಳಿದ್ದು ಒಂದೇ, "ಹಂಗಾದ್ರೆ ಈ ವರ್ಷ ಹತ್ತುಮೀನು ತಪ್ಪಿಹೋಯ್ತಲ್ಲ ಮಾರಾಯ?"

ಗೊತ್ತಿಲ್ಲದವರಿಗೆ ಹೇಳುತ್ತೇನೆ, ಮಳೆಗಾಲ ಹಿಡಿದ ಮೊದಲ ದಿನಗಳಲ್ಲಿ ದೊಡ್ಡ ಹೊಳೆಯ ಮೀನುಗಳು ಮೊಟ್ಟೆ ಇಡಲು ಹಳ್ಳ, ಗದ್ದೆಗಳ ಕಡೆಗೆ ಎದುರು ನೀರಿನಲ್ಲಿ ಹತ್ತಿ ಬರುತ್ತವೆ, ಅದೇ ಹತ್ತುಮೀನು. ಆ ನಾಲ್ಕು ದಿನ ನಮ್ಮೂರಲ್ಲಿ ಯಾರಿಗೂ ನಿದ್ದೆ ಇರುವುದಿಲ್ಲ.

ಅದಕ್ಕೇ ಜೂನ್‌ನಲ್ಲೇ ಅವರನ್ನು ಎಲ್ಲಿಗಾದರೂ ಹೊಳೆ ಇರುವ ಕಡೆ ಕರೆದುಕೊಂಡು ಹೋಗಲೇಬೇಕು ಅಂತಿದ್ದೇನೆ. ಜೂನ್ 12ರಿಂದ ಹತ್ತು ದಿನ ರಜೆ ಇದೆ, ನಮ್ಮದೇ ಕಾರು. ಐ-90 ಹಿಡಿದು ಮಿಸ್ಸೌಲಾ, ಅಲ್ಲಿ ಕ್ಲಾರ್ಕ್ ಫೋರ್ಕ್, ಬಿಟರ್‌ರೂಟ್, ರಾಕ್ ಕ್ರೀಕ್. ಆಮೇಲೆ ಬೋಝ್‌ಮನ್, ಗ್ಯಾಲಟಿನ್, ಮ್ಯಾಡಿಸನ್. ಆಮೇಲೆ ಯೆಲ್ಲೋಸ್ಟೋನ್ ನ್ಯಾಷನಲ್ ಪಾರ್ಕ್ ಒಳಗೆ ಫೈರ್‌ಹೋಲ್, ಲಮಾರ್, ಯೆಲ್ಲೋಸ್ಟೋನ್ ಹೊಳೆ. ಸಾಧ್ಯವಾದರೆ ಬೇರ್‌ಟೂತ್ ಘಾಟಿ ಹತ್ತಿ ವಾಪಸ್. ಇದು ಆಗುತ್ತಾ? ಅವರಿಗೆ ಎರೆಹುಳು ಸಿಕ್ಕಿಸಿ, ಬೆಂಡು ಕಟ್ಟಿ ಗಾಳ ಹಾಕಿ ಅಭ್ಯಾಸ, ಅದು ಅಲ್ಲಿ ನಡೆಯುತ್ತಾ? ಒಂದಾದರೂ ಮೀನು ಹಿಡಿದು ಸಾರು ಮಾಡಬಹುದಾ? ಅಮ್ಮನಿಗೆ ಬಿಸಿನೀರಿನ ಬುಗ್ಗೆ ನೋಡಿದರೆ ಸಾಕು.

ಬೋಝ್‌ಮನ್_ಮನೆ

ನಿಮ್ಮ ಪಟ್ಟಿಯಲ್ಲಿ ಎಂಟು ಹೊಳೆ ಇವೆ. ಆರನ್ನು ತೆಗೆದುಬಿಡಿ ಸರ್, ಬೇಜಾರು ಮಾಡಿಕೊಳ್ಳಬೇಡಿ.

ನಾನು ಇಲ್ಲಿ 11 ವರ್ಷದಿಂದ ಇದ್ದೇನೆ. ಹೊಸಬರೆಲ್ಲ ಮಾಡುವ ಲೆಕ್ಕ ಏನು ಅಂದರೆ ಜೂನ್ ಅಂದರೆ ಬೇಸಿಗೆ, ಬೇಸಿಗೆ ಅಂದರೆ ತಿಳಿನೀರು. ಇಲ್ಲಿ ಹಾಗಲ್ಲ. ಚಳಿಗಾಲವೆಲ್ಲ ಬೆಟ್ಟದ ಮೇಲೆ ಬಿದ್ದ ಹಿಮ ಮೇ, ಜೂನ್‌ನಲ್ಲಿ ಕರಗಿ ಇಳಿಯುತ್ತದೆ. ಮಳೆ ಇಲ್ಲದೆಯೇ ನೆರೆ ಬಂದ ಹಾಗೆ. ಗ್ಯಾಲಟಿನ್, ಲಮಾರ್, ಬಿಟರ್‌ರೂಟ್, ರಾಕ್ ಕ್ರೀಕ್ ಎಲ್ಲ ಆ ಹೊತ್ತಿಗೆ ಕಾಫಿ ಬಣ್ಣದಲ್ಲಿ ಮರದ ದಿಮ್ಮಿ ಹೊತ್ತುಕೊಂಡು ಓಡುತ್ತಿರುತ್ತವೆ. ಆಷಾಢದ ತುಂಗೆಗೆ ನಿಮ್ಮ ತಂದೆ ಇಳಿಯುತ್ತಾರಾ? ಇಳಿಯಲ್ಲ ಅಲ್ವಾ, ಹಾಗೇ ಇದು. ದಂಡೆಯಲ್ಲಿ ನಿಲ್ಲೋದೂ ಕಷ್ಟ, ಮೀನಿಗೆ ನಿಮ್ಮ ಗಾಳ ಕಾಣಿಸುವುದೂ ಕಷ್ಟ.

ಉಳಿಯುವುದು ಎರಡು. ಒಂದು ಫೈರ್‌ಹೋಲ್. ಓಲ್ಡ್ ಫೇತ್‌ಫುಲ್ ಕಡೆಯ ಬುಗ್ಗೆಗಳ ಬಿಸಿನೀರೆಲ್ಲ ಇದಕ್ಕೇ ಸೇರುತ್ತದೆ, ಹಾಗಾಗಿ ಉಳಿದ ಹೊಳೆಗಳು ಕೊರೆಯುತ್ತಿರುವಾಗ ಇದು ಟ್ರೌಟ್ ಅನ್ನುವ ಮೀನಿಗೆ ಹಿತವಾದ ಬಿಸಿಯಲ್ಲಿರುತ್ತದೆ. ಜೂನ್ ಇದರ ತಿಂಗಳು. ಜುಲೈ ಬಂತು ಅಂದರೆ ನೀರು ಜಾಸ್ತಿ ಬಿಸಿಯಾಗಿ ಮೀನೆಲ್ಲ ತಣ್ಣನೆ ಉಪಹಳ್ಳಗಳ ಬಾಯಿಗೆ ಹೋಗಿ ಸೇರಿಕೊಳ್ಳುತ್ತವೆ, ಆಗ ಅವುಗಳನ್ನು ಹಿಡಿಯಲು ಹೋಗುವುದು ಪಾಪ. ಇನ್ನೊಂದು ಮ್ಯಾಡಿಸನ್, ಹೆಬ್‌ಗನ್ ಅಣೆಕಟ್ಟಿನ ಕೆಳಗಿನ ಭಾಗ. ಅಣೆಕಟ್ಟು ಕೆಸರನ್ನು ತಡೆಯುತ್ತದೆ, ನೀರು ಹದದಲ್ಲಿ ಬರುತ್ತದೆ.

ಅಲ್ಲಿ ಹೋದಾಗ ಕ್ವೇಕ್ ಲೇಕ್ ಹತ್ತಿರ ಕಾರು ನಿಲ್ಲಿಸಿ. 1959ರ ಆಗಸ್ಟ್ 17ರ ರಾತ್ರಿ ಭೂಕಂಪವಾಗಿ ಬೆಟ್ಟದ ಒಂದು ಮಗ್ಗುಲೇ ಜಾರಿ ಮ್ಯಾಡಿಸನ್‌ಗೆ ಅಡ್ಡ ಬಿತ್ತು, 28 ಜನ ಸತ್ತರು, ಹಿಂದೆ ನಿಂತ ನೀರೇ ಈ ಕೆರೆಯಾಯಿತು. ಆಗ ಮುಳುಗಿದ ಮರಗಳ ಒಣ ಬೊಡ್ಡೆಗಳು ಇವತ್ತಿಗೂ ನೀರಿನ ಮೇಲೆ ನಿಂತಿವೆ. ನನಗೆ ಅಲ್ಲಿ ಪ್ರತಿ ಸಲವೂ ಮಾತು ನಿಂತುಹೋಗುತ್ತದೆ.

ಸಿಯಾಟಲ್‌ನಿಂದ ಮಿಸ್ಸೌಲಾಗೇ 475 ಮೈಲಿ. ಮೊದಲ ರಾತ್ರಿ ಅಲ್ಲಿ ಮಲಗಿ, ಮರುದಿನ ಸೀದಾ ವೆಸ್ಟ್ ಯೆಲ್ಲೋಸ್ಟೋನ್ ಊರಿಗೆ ಹೋಗಿ ನಾಲ್ಕು ರಾತ್ರಿ ಅಲ್ಲೇ ಇರಿ. ಎರಡೂ ಹೊಳೆ ಹತ್ತಿರ, ಅಮ್ಮನಿಗೆ ಬುಗ್ಗೆಗಳೂ ಹತ್ತಿರ. ಬೇರ್‌ಟೂತ್ ಬಿಡಿ. 10,947 ಅಡಿ ಎತ್ತರ, ಜೂನ್‌ನಲ್ಲೂ ಎರಡೂ ಬದಿ ಹಿಮದ ಗೋಡೆ, ಅಪ್ಪಯ್ಯನವರಿಗೆ ಅಲ್ಲಿ ಗಾಳ ಹಾಕುವ ಕೆಲಸವೇ ಇಲ್ಲ.

ಕೆಂಪು_ಗೆರೆ

ಮೇಲಿನವರು ಹೇಳಿದ್ದು ನೂರಕ್ಕೆ ನೂರು ಸರಿ. ನಾನು ನಿಯಮ ಹೇಳುತ್ತೇನೆ, ಯಾಕೆಂದರೆ ಇದು ಗೊತ್ತಿಲ್ಲದೆ ಹೋಗಿ ದಂಡ ಕಟ್ಟಿದವರನ್ನು ನೋಡಿದ್ದೇನೆ.

ಪಾರ್ಕ್ ಒಳಗೆ ಮೊಂಟಾನಾ ರಾಜ್ಯದ ಮೀನು ಹಿಡಿಯುವ ಲೈಸೆನ್ಸ್ ನಡೆಯಲ್ಲ, ಪಾರ್ಕಿನದೇ ಪರ್ಮಿಟ್ ಬೇಕು, 16 ದಾಟಿದ ಪ್ರತಿಯೊಬ್ಬರಿಗೂ ಬೇರೆ ಬೇರೆ. ಹೊರಗೆ ಕ್ವೇಕ್ ಲೇಕ್ ಕಡೆ ಹಾಕುವುದಾದರೆ ಮೊಂಟಾನಾ ಲೈಸೆನ್ಸ್. ಅಂದರೆ ನಿಮ್ಮಿಬ್ಬರಿಗೆ ಎರಡೆರಡು. ಎರಡನ್ನೂ ಮನೆಯಲ್ಲೇ ಕೂತು ಆನ್‌ಲೈನ್‌ನಲ್ಲಿ ತೆಗೆದುಕೊಳ್ಳಿ.

ಎರೆಹುಳು ಪಾರ್ಕ್ ಒಳಗೆ ಇಲ್ಲವೇ ಇಲ್ಲ. ಹುಳ, ಮೀನಿನ ತುಂಡು, ಹಿಟ್ಟಿನ ಉಂಡೆ ಯಾವುದೂ ಇಲ್ಲ. ಸೀಸದ ಗುಂಡು ಇಲ್ಲ. ಗಾಳದ ಕೊಕ್ಕೆಯ ಒಳಗೆ ಒಂದು ಚಿಕ್ಕ ಮುಳ್ಳು ಇರುತ್ತದಲ್ಲ, ಅದನ್ನು ಇಕ್ಕಳದಿಂದ ಅಮುಕಿ ಚಪ್ಪಟೆ ಮಾಡಬೇಕು. ಫೈರ್‌ಹೋಲ್ ಮತ್ತು ಪಾರ್ಕ್ ಒಳಗಿನ ಮ್ಯಾಡಿಸನ್‌ನಲ್ಲಿ ಫ್ಲೈ ಮಾತ್ರ, ಅಂದರೆ ಗರಿ, ದಾರ ಸುತ್ತಿ ಹುಳದ ಹಾಗೆ ಮಾಡಿದ ಕೊಕ್ಕೆ. ಅಪ್ಪಯ್ಯನವರು ಬಂದ ವಾರವೇ ಫ್ಲೈ ರಾಡ್ ಕೊಡಿಸಿ, ಮನೆ ಹಿಂದಿನ ಹುಲ್ಲಿನ ಮೇಲೆ ದಿನಾ ಅರ್ಧ ಗಂಟೆ ಬೀಸಲಿ. ಗಾಳದ ಕೈ ಇರುವವರಿಗೆ ಬೇಗ ಬರುತ್ತದೆ.

ಈಗ ನಿಮ್ಮ ಸಾರಿನ ವಿಷಯ. ಅಲ್ಲಿಯದೇ ಆದ ಕಟ್‌ಥ್ರೋಟ್ ಟ್ರೌಟ್ ಸಿಕ್ಕರೆ ಬಿಡಲೇಬೇಕು. ದವಡೆ ಕೆಳಗೆ ಕೆಂಪು ಗೆರೆ, ಮೈಮೇಲೆ ಕಪ್ಪು ಚುಕ್ಕೆ. ಆದರೆ ಯೆಲ್ಲೋಸ್ಟೋನ್ ಕೆರೆಯಲ್ಲಿ ಲೇಕ್ ಟ್ರೌಟ್ ಸಿಕ್ಕರೆ ಕೊಲ್ಲಲೇಬೇಕು, ವಾಪಸ್ ಬಿಡುವುದು ತಪ್ಪು! ಗಾಢ ಮೈಮೇಲೆ ಬಿಳಿ ಚುಕ್ಕೆ, ಬಾಲ ಆಳವಾಗಿ ಸೀಳಿರುತ್ತದೆ. ಅದು ಆ ಕೆರೆಯ ಮೀನಲ್ಲ, ಯಾರೋ ತಂದು ಬಿಟ್ಟಿದ್ದು, 1994ರಲ್ಲಿ ಕಣ್ಣಿಗೆ ಬಿತ್ತು. ದೊಡ್ಡದೊಂದು ವರ್ಷಕ್ಕೆ ಸುಮಾರು 40 ಕಟ್‌ಥ್ರೋಟ್ ತಿನ್ನುತ್ತದೆ. ಕಟ್‌ಥ್ರೋಟ್ ಮೊಟ್ಟೆ ಇಡಲು ಹಳ್ಳ ಹತ್ತುತ್ತದೆ, ಅಲ್ಲಿ ಕರಡಿ, ಹದ್ದು, ನೀರುನಾಯಿ ಎಲ್ಲಕ್ಕೂ ಊಟವಾಗುತ್ತದೆ. ಲೇಕ್ ಟ್ರೌಟ್ ಕೆರೆಯ ಆಳದಲ್ಲೇ ಇದ್ದು ಅಲ್ಲೇ ಮೊಟ್ಟೆ ಇಡುತ್ತದೆ, ಯಾರ ಹೊಟ್ಟೆಗೂ ಸಿಗಲ್ಲ. ಕ್ಲಿಯರ್ ಕ್ರೀಕ್ ಅನ್ನುವ ಒಂದೇ ಹಳ್ಳಕ್ಕೆ 1978ರಲ್ಲಿ 70,000ಕ್ಕೂ ಹೆಚ್ಚು ಕಟ್‌ಥ್ರೋಟ್ ಹತ್ತಿದ್ದವು, 2007ರಲ್ಲಿ ಹತ್ತಿದ್ದು ಸುಮಾರು 500. ನಿಮ್ಮೂರಿನ ಹತ್ತುಮೀನು ನಿಂತುಹೋದ ಹಾಗೆ ಅಂದುಕೊಳ್ಳಿ. ಈಗ ಪಾರ್ಕಿನವರು ಬಲೆ ಹಾಕಿ 40 ಲಕ್ಷಕ್ಕೂ ಹೆಚ್ಚು ಲೇಕ್ ಟ್ರೌಟ್ ತೆಗೆದಿದ್ದಾರೆ, ಕಟ್‌ಥ್ರೋಟ್ ಮತ್ತೆ ಚೇತರಿಸಿಕೊಳ್ಳುತ್ತಿದೆ.

ಜೂನ್ ಮಧ್ಯದಲ್ಲಿ ಕೆರೆಯ ನೀರು ಇನ್ನೂ ತಣ್ಣಗಿರುವುದರಿಂದ ಲೇಕ್ ಟ್ರೌಟ್ ದಂಡೆ ಹತ್ತಿರ ಬರುತ್ತದೆ. ವೆಸ್ಟ್ ಥಂಬ್‌ನಿಂದ ಬ್ರಿಡ್ಜ್ ಬೇ ತನಕ ರಸ್ತೆ ದಂಡೆಗೇ ಅಂಟಿಕೊಂಡಿದೆ. ಕೆರೆಯಲ್ಲಿ ಸ್ಪಿನ್ನರ್, ಅಂದರೆ ನೀರಿನಲ್ಲಿ ತಿರುಗುವ ಲೋಹದ ತಗಡಿನ ಗಾಳ ಹಾಕಬಹುದು, ಫ್ಲೈ ಬರಲೇಬೇಕು ಅಂತಿಲ್ಲ. ಸಿಕ್ಕರೆ ಧೈರ್ಯವಾಗಿ ಸಾರು ಮಾಡಿ.

ಸಾಲ್ಟ್‌ಲೇಕ್_ಅಕ್ಕ

ನಾನು ಮೀನು ಹಿಡಿಯುವವಳಲ್ಲ, ಆದರೆ ನಮ್ಮಪ್ಪ ಅಮ್ಮನನ್ನು ಇದೇ ದಾರಿಯಲ್ಲಿ ಕರೆದುಕೊಂಡು ಹೋಗಿದ್ದೇನೆ. ಅದಕ್ಕೇ ಎರಡು ಮಾತು.

ಕೆರೆ ಇರುವುದು 7,700 ಅಡಿ ಮೇಲೆ. ಮೊದಲ ದಿನ ನಮ್ಮಪ್ಪನಿಗೆ ತಲೆನೋವು, ರಾತ್ರಿ ನಿದ್ದೆ ಬರಲಿಲ್ಲ. ಅವತ್ತೇ ಓಡಾಡಿಸಿದ್ದು ನನ್ನ ತಪ್ಪು. ಮೊದಲ ದಿನ ಸುಮ್ನೆ ಕೂರಿಸಿ, ನೀರು ಕುಡಿಸಿ, ಬಿಪಿ ಮಾತ್ರೆ ಇದ್ದರೆ ಬರುವ ಮುಂಚೆಯೇ ಡಾಕ್ಟರ ಹತ್ತಿರ ಕೇಳಿಕೊಂಡಿರಲಿ.

ನೀರಿಗೆ ಇಳಿಸಬೇಡಿ. ನಮ್ಮ ಕಡೆಯ ಗಂಡಸರಿಗೆ ಪಂಚೆ ಎತ್ತಿ ಕಟ್ಟಿ ಮೊಣಕಾಲು ನೀರಿಗೆ ಇಳಿಯುವುದು ರೂಢಿ. ಜೂನ್‌ನಲ್ಲಿ ಆ ಕೆರೆ ನೀರು ಮಂಜುಗಡ್ಡೆ ಕರಗಿ ಕೆಲವೇ ದಿನ ಆಗಿರುತ್ತದೆ, ಬಿದ್ದರೆ ನಿಮಿಷಗಳಲ್ಲಿ ಕೈಕಾಲು ಮರಗಟ್ಟುತ್ತದೆ. ಹೊಳೆಗೆ ಇಳಿಯುವುದೇ ಆದರೆ ವೇಡರ್ (ನೀರು ಒಳಗೆ ಬರದ ಉದ್ದ ಪ್ಯಾಂಟು), ಬೂಟು, ಒಂದು ಕೋಲು. ಅಡಿಗೆ ಫೆಲ್ಟ್ ಬಟ್ಟೆ ಅಂಟಿಸಿದ ಬೂಟು ಪಾರ್ಕಿನಲ್ಲಿ ಬೇಡ ಅನ್ನುತ್ತಾರೆ, ಒಂದು ಹೊಳೆಯ ರೋಗ ಇನ್ನೊಂದಕ್ಕೆ ಹೋಗುತ್ತದೆ ಅಂತ. ರಬ್ಬರ್ ಅಡಿ ತೆಗೆದುಕೊಳ್ಳಿ.

ಕರಡಿ ಸ್ಪ್ರೇ ಒಬ್ಬೊಬ್ಬರ ಸೊಂಟಕ್ಕೂ ಒಂದೊಂದು, ಕಾರಿನ ಡಿಕ್ಕಿಯಲ್ಲಲ್ಲ. ಕರಡಿ, ತೋಳದಿಂದ 100 ಗಜ, ಕಾಡೆಮ್ಮೆ, ಎಲ್ಕ್‌ನಿಂದ 25 ಗಜ. ಮೀನಿನ ಕರುಳನ್ನು ದಂಡೆಯಲ್ಲಿ ಬಿಡಬೇಡಿ. ಮತ್ತೆ ಒಂದು ಕುಕ್ಕರ್, ಅಕ್ಕಿ, ಅಮ್ಮ ಮಾಡಿದ ಸಾರಿನ ಪುಡಿ ಇಟ್ಟುಕೊಳ್ಳಿ, ಮೂರನೇ ದಿನ ಅದರ ಬೆಲೆ ಗೊತ್ತಾಗುತ್ತದೆ. ರೂಮು ಇವತ್ತೇ ಬುಕ್ ಮಾಡಿ.

ಕಾವೇರಿ_ಕಡೆಯವ

ಬೆಂಗಳೂರಿನಿಂದ ಬರೆಯುತ್ತಿದ್ದೇನೆ. ಆ ಲೇಕ್ ಟ್ರೌಟ್ ಕಥೆ ಓದಿ ನಮ್ಮ ಕಾವೇರಿ ನೆನಪಾಯಿತು. ಡುಬ್ಬ ಬೆನ್ನಿನ, ಕಿತ್ತಳೆ ರೆಕ್ಕೆಯ ಮಹಶೀರ್ ಈ ಹೊಳೆಯದೇ ಮೀನು. ಹೊರಗಿನಿಂದ ತಂದು ಬಿಟ್ಟ ನೀಲಿ ರೆಕ್ಕೆಯ ಮಹಶೀರ್ ಹೆಚ್ಚಿದ ಮೇಲೆ ಇದು ಕಡಿಮೆಯಾಗುತ್ತಾ ಬಂತು. 2018ರಲ್ಲಿ ಇದಕ್ಕೆ ಸರಿಯಾದ ಹೆಸರು ಗೊತ್ತಾಯಿತು, ಅದೇ ವರ್ಷ ಅಳಿವಿನ ಅಂಚಿನ ಪಟ್ಟಿಗೂ ಸೇರಿತು. ಒಳ್ಳೆಯದು ಅಂತಲೇ ಮರಿ ಬಿಟ್ಟಿದ್ದು, ಆದರೂ ಹೀಗಾಯಿತು.

ಒಂದು ಪ್ರಶ್ನೆ. ತಿನ್ನದ ಮೇಲೆ ಹಿಡಿಯುವುದು ಯಾಕೆ ಅಂತ ನಿಮ್ಮ ತಂದೆ ಕೇಳಿದರೆ ಏನು ಹೇಳುತ್ತೀರಿ? ನಮ್ಮ ಮಾವ ಕೇಳಿದಾಗ ನನಗೆ ಉತ್ತರ ಬರಲಿಲ್ಲ.

ತುಂಗೆ_ದಂಡೆ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪಟ್ಟಿ ಹರಿದು ಹಾಕಿದೆ. ಮಿಸ್ಸೌಲಾ ಒಂದು ರಾತ್ರಿ, ವೆಸ್ಟ್ ಯೆಲ್ಲೋಸ್ಟೋನ್ ನಾಲ್ಕು, ಕೆರೆ ಹತ್ತಿರ ಮೂರು, ವಾಪಸ್ ಬರುವಾಗ ಮತ್ತೆ ಮಿಸ್ಸೌಲಾ. ಫ್ಲೈ ರಾಡ್ ಆರ್ಡರ್ ಮಾಡಿದೆ.

ಕಾವೇರಿಯವರ ಪ್ರಶ್ನೆಯನ್ನು ನಿನ್ನೆ ಫೋನಿನಲ್ಲಿ ಅಪ್ಪಯ್ಯನಿಗೇ ಕೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಶೃಂಗೇರಿಯಲ್ಲಿ ದೇವರ ಮೀನಿಗೆ ಮಂಡಕ್ಕಿ ಹಾಕ್ತೀವಲ್ಲ, ಅದೂ ಇದೇ ತುಂಗೆಯ ಮೀನೇ. ಅಲ್ಲಿ ಮುಟ್ಟಲ್ಲ, ಇಲ್ಲಿ ಕೆಳಗೆ ಹಿಡೀತೀವಿ. ಯಾವುದನ್ನ ಬಿಡಬೇಕು ಅಂತ ಆ ಊರಿನವ್ರು ಹೇಳಿದ್ರೆ ಬಿಟ್ರಾಯ್ತು" ಅಂದರು. ಆದರೆ ಸುಮ್ಮನೆ ಹಿಡಿದು ಹಿಡಿದು ಬಿಡುವುದು ಅವರಿಗೆ ಹಿಡಿಸಲಿಲ್ಲ, ಅದನ್ನೂ ಹೇಳಿದರು. ಎರಡು ಹಿಡಿದು ನೋಡಿ ಸಾಕು ಮಾಡುತ್ತಾರಂತೆ, ಉಳಿದ ದಿನ ಲೇಕ್ ಟ್ರೌಟ್‌ಗೆ.

ಬೋಝ್‌ಮನ್_ಮನೆ

ಅಪ್ಪಯ್ಯನವರ ಮಾತು ನಮ್ಮ ಮನೆಯವರಿಗೂ ಓದಿ ಹೇಳಿದೆ. ಹಾಗಾದರೆ ಇದನ್ನು ಹೇಳಲೇಬೇಕು, ಮೊದಲೇ ಹೇಳಬೇಕಿತ್ತು.

ಕೆರೆಯಿಂದ ಯೆಲ್ಲೋಸ್ಟೋನ್ ಹೊಳೆ ಹೊರಡುವ ಜಾಗದಲ್ಲಿ ಫಿಶಿಂಗ್ ಬ್ರಿಡ್ಜ್ ಇದೆ. 1937ರ ಸೇತುವೆ. ಹೆಸರು ಹಾಗಿದ್ದರೂ 1973ರಿಂದ ಅಲ್ಲಿ ಗಾಳ ಹಾಕುವಂತಿಲ್ಲ, ಜನ ಬಗ್ಗಿ ಮೀನು ನೋಡುತ್ತಾರೆ, ಶೃಂಗೇರಿಯ ಮೆಟ್ಟಿಲ ಮೇಲೆ ನಿಂತ ಹಾಗೆ. ಮಂಡಕ್ಕಿ ಮಾತ್ರ ಹಾಕಬೇಡಿ.

ಅಲ್ಲಿಂದ ಮೂರು ಮೈಲಿ ಕೆಳಗೆ ಲೆಹಾರ್ಡಿ ರ‍್ಯಾಪಿಡ್ಸ್ ಅಂತ ಬಂಡೆಗಳ ಇಳಿಜಾರು. ಅಲ್ಲೂ ಗಾಳಕ್ಕೆ ಅವಕಾಶ ಇಲ್ಲ. ಜೂನ್‌ನಲ್ಲಿ ಕಟ್‌ಥ್ರೋಟ್ ಮೊಟ್ಟೆ ಇಡಲು ಮೇಲೆ ಹೊರಟಿರುತ್ತವೆ. ಬಂಡೆಯ ಮಗ್ಗುಲಿನ ನಿಂತ ನೀರಿನಲ್ಲಿ ಹತ್ತಾರು ಒಟ್ಟಿಗೆ ದಣಿವಾರಿಸಿಕೊಳ್ಳುತ್ತವೆ, ಆಮೇಲೆ ಒಂದೊಂದೇ ನೊರೆಯಿಂದ ಮೇಲಕ್ಕೆ ಹಾರುತ್ತವೆ. ಕೆಲವು ಹಿಂದೆ ಬೀಳುತ್ತವೆ, ಮತ್ತೆ ಹಾರುತ್ತವೆ. ಹತ್ತುಮೀನೇ ಸರ್ ಅದು, ಬೇರೆ ಹೆಸರು ಬೇಡ. ಸಂಜೆ ಹೋಗಿ, ಜನ ಕಡಿಮೆ. ಮರದ ಹಲಗೆಯ ದಾರಿ ಮಾಡಿದ್ದಾರೆ, ಅಮ್ಮನೂ ಆರಾಮಾಗಿ ನಡೆಯಬಹುದು.